ಅಡಿಗೆಮನೆಯ ಕಸವೂ ಹಿತ್ತಲ ಗೊಬ್ಬರವೂ

(ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದ ಗ್ರಾಮಪ್ರಮುಖರಿಗೂ ಜಮೀನುದಾರರಿಗೂ)

ಒಂದು ಊರಿನ ಒಕ್ಕಲುತನವು ಯಾವ ಸ್ಥಿತಿಯಲ್ಲಿರುವದೆಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಹೊಲಗಳಿಗಿಂತ ಮೊದಲು ಅಲ್ಲಿಯ ತಿಪ್ಪೆಗಳನ್ನು ನೋಡತಕ್ಕದ್ದು. ಹೊಲದ ಬೆಳೆಯು ಆ ವರುಷದ ಮಳೆಯನ್ನು ಹೇಳುವದು; ತಿಪ್ಪೆಯಾದರೋ ಮನೆಯ ಯಜಮಾನನ ಜಾಗರೂಕತೆಯನ್ನು ಹೇಳುವದು. ಗದಗ ಜಿಲ್ಲೆಯ ರೋಣ, ನರಗುಂದ ತಾಲೂಕುಗಳಲ್ಲಿಯೂ, ಮೊದಲು ರೋಣಕ್ಕೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲೂಕಾದ ಗಜೇಂದ್ರಗಡದಲ್ಲಿಯೂ ಊರ ಹೊರಗಿನ ತಿಪ್ಪೆಗಳನ್ನು ನೋಡಿದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುವವು. ಮೊದಲನೆಯದು, ತಿಪ್ಪೆಗಳು ಚಿಕ್ಕವಾಗಿವೆ. ಎತ್ತುಗಳು ಎಳೆಯುತ್ತಿದ್ದ ನೇಗಿಲು ಕುಂಟೆಗಳ ಕೆಲಸವನ್ನು ಟ್ರ್ಯಾಕ್ಟರು ಮಾಡತೊಡಗಿದ ಮೇಲೆ ಅನೇಕ ಮನೆಗಳ ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾದವು. ದನಗಳೊಡನೆ ಸೆಗಣಿಯೂ ಕಡಿಮೆಯಾಯಿತು. ಎರಡನೆಯದು, ಉಳಿದ ತಿಪ್ಪೆಗಳಲ್ಲಿಯೂ ಕೊಳೆಯುವ ಕಸದ ಸಂಗಡ ಕೊಳೆಯದ ಪ್ಲಾಸ್ಟಿಕ್ ಚೀಲ, ಗಾಜಿನ ಚೂರು, ಔಷಧದ ಹಾಳೆಗಳು ಬೆರೆತು, ಅವು ಹೊಲಕ್ಕೆ ಹೊರಲು ಯೋಗ್ಯವಲ್ಲದಂತಾಗಿವೆ.

ಹೀಗೆ ಒಂದು ಕಡೆ ಗೊಬ್ಬರದ ಅಭಾವ, ಇನ್ನೊಂದು ಕಡೆ ಗೊಬ್ಬರವಾಗತಕ್ಕ ವಸ್ತುವಿನ ನಾಶ. ಪ್ರತಿದಿನವೂ ಅಡಿಗೆಮನೆಯಿಂದ ಹೊರಬೀಳುವ ಕಾಯಿಪಲ್ಯದ ಸಿಪ್ಪೆ, ಸೊಪ್ಪಿನ ದಂಟು, ಉಳ್ಳಾಗಡ್ಡಿಯ ಪರೆ, ಕಾಳಿನ ಹೊಟ್ಟು, ಹಳಸಿದ ಅನ್ನ, ಒಲೆಯ ಬೂದಿ, ಪಾತ್ರೆ ತೊಳೆದ ನೀರು ಮೊದಲಾದವುಗಳನ್ನು ಮನೆಯ ಸುತ್ತಲೂ ಹಿತ್ತಲಿನಲ್ಲಿಯೂ ಹೇಗೆ ಉಪಯೋಗಿಸಿಕೊಳ್ಳಬಹುದು, ಹಾಗೂ ಯಾವ ಯಾವ ಕಡೆ ಎಚ್ಚರಿಕೆಯಿಂದಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗುವದು.

1. ನಮ್ಮ ಭೂಮಿಯ ಸ್ವಭಾವ

ಈ ಭಾಗದ ಬಹುತೇಕ ಭೂಮಿಯು ಎರೆಭೂಮಿ. ಗಜೇಂದ್ರಗಡದ ಗುಡ್ಡಗಳ ಸುತ್ತಮುತ್ತ ಮಾತ್ರ ಮಸಾರಿಯೂ ಗರಸು ಮಿಶ್ರವಾದ ನೆಲವೂ ಇರುವವು. ಎರೆಮಣ್ಣು ಕಪ್ಪಾಗಿರುವದರಿಂದ ಅದು ತಾನಾಗಿಯೇ ಗೊಬ್ಬರದಿಂದ ತುಂಬಿರುವದೆಂದು ಅನೇಕರು ನಂಬಿರುವರು. ಇದು ತಪ್ಪು ತಿಳುವಳಿಕೆ. ಆ ಕಪ್ಪು ಬಣ್ಣಕ್ಕೂ ಕೊಳೆತ ಸಸ್ಯಾಂಶದ ಪ್ರಮಾಣಕ್ಕೂ ಹೆಚ್ಚಿನ ಸಂಬಂಧವಿಲ್ಲ. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶವೂ ಪೊಟ್ಯಾಶಿನ ಅಂಶವೂ ಸಾಮಾನ್ಯವಾಗಿ ಸಾಕಷ್ಟಿರುತ್ತವೆ. ಆದರೆ ಸಾರಜನಕವೂ ಸಾವಯವ ಇಂಗಾಲವೂ ಕಡಿಮೆ. ಅನೇಕ ಕಡೆ ಸತುವಿನ ಕೊರತೆಯೂ ಉಂಟು. ಬೇಸಿಗೆಯ ಬಿಸಿಲು ಬಲವಾಗಿರುವ ಈ ಸೀಮೆಯಲ್ಲಿ ಮಣ್ಣಿನೊಳಗಿನ ಸಸ್ಯಾಂಶವು ಬೇಗನೆ ಕರಗಿಹೋಗುವದರಿಂದ ಅದನ್ನು ಮೇಲಿಂದ ಮೇಲೆ ತುಂಬಿಕೊಡುವದು ಅವಶ್ಯವಾಗಿರುತ್ತದೆ.

ಇಲ್ಲಿಯ ಮಳೆಯು ವರುಷಕ್ಕೆ ಸುಮಾರು 600 ಮಿಲಿಮೀಟರು ಮಾತ್ರ. ಅದೂ ವರುಷ ವರುಷಕ್ಕೆ ಏರಿಳಿಯುವದು. ಹಿಂಗಾರಿಯ ಜೋಳ, ಕಡಲೆ, ಕುಸುಬಿಗಳು ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬದುಕುವವು. ಸಸ್ಯಾಂಶವುಳ್ಳ ಮಣ್ಣು ಹುಡಿಹುಡಿಯಾಗಿದ್ದು ಮಳೆಯ ನೀರನ್ನು ಒಳಕ್ಕೆ ಬಿಡುವದು. ಸಸ್ಯಾಂಶವಿಲ್ಲದ ಎರೆಯು ಮೇಲೆ ಹೊಪ್ಪಳೆಗಟ್ಟಿ ನೀರನ್ನು ಹರಿಯಗೊಡುವದು. ಆದಕಾರಣ ನಮ್ಮಲ್ಲಿ ಗೊಬ್ಬರವೆಂದರೆ ಬೆಳೆಗೆ ಆಹಾರವಷ್ಟೇ ಅಲ್ಲ, ಮಳೆಯನ್ನು ಹಿಡಿದಿಡುವ ಸಾಧನವೂ ಹೌದು.

ದೀವಳಿಗೆಯ ಪಾಡ್ಯದ ದಿನ ನಮ್ಮ ಮನೆಗಳಲ್ಲಿ ಸೆಗಣಿಯ ಪಾಂಡವರನ್ನು ಮಾಡಿ ಹೂವಿಟ್ಟು ಪೂಜಿಸುತ್ತೇವೆ. ಒಂದು ದಿನ ಪೂಜೆಗೊಂಡ ಸೆಗಣಿಯನ್ನು ಉಳಿದ ದಿನಗಳಲ್ಲಿ ಕುಳ್ಳು ತಟ್ಟಿ ಒಲೆಯಲ್ಲಿ ಸುಡುತ್ತ ಬಂದಿದ್ದೇವೆ. ಸುಟ್ಟ ಕುಳ್ಳಿನಲ್ಲಿಯ ಸಾರಜನಕವೂ ಸಸ್ಯಾಂಶವೂ ಹೊಗೆಯೊಡನೆ ಹೋಗಿ ಬರಿಯ ಬೂದಿಯುಳಿಯುವದು. 2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ತರುವಾಯ ಅನೇಕ ಬಡಮನೆಗಳಿಗೂ ಗ್ಯಾಸ್ ಒಲೆ ಬಂದಿರುವದರಿಂದ, ಒಲೆಯಿಂದ ಉಳಿದ ಸೆಗಣಿಯು ತಿಪ್ಪೆಗೆ ಬರತಕ್ಕ ಅನುಕೂಲವು ಈಗ ಒದಗಿರುತ್ತದೆ. ಈ ಅನುಕೂಲವನ್ನು ಕಳೆದುಕೊಳ್ಳಬಾರದು.

2. ಕಸದ ಲೆಕ್ಕ

ಯಾವ ಕೆಲಸಕ್ಕೂ ಮೊದಲು ಲೆಕ್ಕವಿರಬೇಕು. ಒಂದು ಮನೆಯ ಅಡಿಗೆಮನೆಯಿಂದ ದಿನಕ್ಕೆ ಒಂದು ಕಿಲೋ ಹಸಿಕಸ ಬರುವದೆಂದು ಹಿಡಿಯೋಣ. ವರುಷಕ್ಕೆ 365 ಕಿಲೋ ಆಯಿತು. ಐನೂರು ಮನೆಗಳ ಊರಿನಲ್ಲಿ ಇದು 182 ಟನ್ನಿಗೆ ಮಿಕ್ಕುವದು. ಹಸಿಕಸದಲ್ಲಿ ನೀರೇ ಹೆಚ್ಚಾಗಿರುವದರಿಂದ ಕೊಳೆತ ಮೇಲೆ ನಾಲ್ಕರಲ್ಲಿ ಒಂದು ಪಾಲು ಉಳಿಯುವದೆಂದು ಎಣಿಸಿದರೆ ಸುಮಾರು 45 ಟನ್ ಗೊಬ್ಬರವಾಗುವದು. ಎಕರೆಗೆ ಎರಡೂವರೆ ಟನ್ನಿನಂತೆ ಹಾಕಿದರೆ ಇಷ್ಟು ಗೊಬ್ಬರವು ಹದಿನೆಂಟು ಎಕರೆಗೆ ಮಾತ್ರ ಸಾಕಾಗುವದು.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುವವು. ಅಡಿಗೆಮನೆಯ ಕಸವೊಂದರಿಂದಲೇ ಊರ ಹೊಲಗಳೆಲ್ಲ ಬೆಳೆಯುವವೆಂದು ಹೇಳುವದು ಸತ್ಯವಲ್ಲ. ಆದರೆ ಅದೇ ಕಸವು ಆ ಐನೂರು ಮನೆಗಳ ಹಿತ್ತಲುಗಳಿಗೆ ಧಾರಾಳವಾಗಿ ಸಾಕಾಗುವದು; ಮತ್ತು ಅದನ್ನು ಕೊಟ್ಟಿಗೆಯ ಸೆಗಣಿ, ಗಂಜಳ ಹೀರಿದ ಹುಲ್ಲು, ಕಣದ ಹೊಟ್ಟು, ತೊಗರಿ ಹತ್ತಿಗಳ ಕಟ್ಟಿಗೆ ಇವುಗಳೊಡನೆ ಸೇರಿಸಿದರೆ ಆ ಒಣ ವಸ್ತುಗಳನ್ನು ಬೇಗ ಕೊಳೆಯಿಸುವ ಹೆಪ್ಪಿನಂತೆ ಕೆಲಸಮಾಡುವದು. ಒಣ ಕಟ್ಟಿಗೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಸಿಕಸದಲ್ಲಿ ನೀರೂ ಸಾರಜನಕವೂ ಹೆಚ್ಚು. ಒಂದರ ಕೊರತೆಯನ್ನು ಇನ್ನೊಂದು ತುಂಬುವದು.

ರಾಸಾಯನಿಕ ಗೊಬ್ಬರದೊಡನೆಯೂ ಹೋಲಿಸಿ ನೋಡತಕ್ಕದ್ದು. ಸಾಮಾನ್ಯ ತಿಪ್ಪೆಗೊಬ್ಬರದ ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕವಿರುವದು. 45 ಕಿಲೋ ತೂಕದ ಒಂದು ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಇರುವದು. ಅಂದರೆ ಸಾರಜನಕದ ಮಟ್ಟಿಗೆ ನಾಲ್ಕು ಟನ್ ತಿಪ್ಪೆಗೊಬ್ಬರವು ಒಂದು ಚೀಲಕ್ಕೆ ಸಮ. ಆದರೆ ಯೂರಿಯಾದಲ್ಲಿ ಸಾರಜನಕದ ಹೊರತು ಬೇರೆ ಸತ್ತ್ವವಿಲ್ಲ. ಅದು ಮಣ್ಣನ್ನು ಹುಡಿಗೊಳಿಸದು, ತೇವವನ್ನು ಹಿಡಿಯದು. ಆದುದರಿಂದ ಇವೆರಡನ್ನೂ ಪ್ರತಿಸ್ಪರ್ಧಿಗಳೆಂದು ಎಣಿಸದೆ, ಒಂದನ್ನು ಇನ್ನೊಂದರ ಜೊತೆಗಾರನೆಂದು ಎಣಿಸುವದೇ ಯುಕ್ತವು.

3. ಮೊದಲು ದನಗಳಿಗೆ ಸಲ್ಲತಕ್ಕದ್ದು

ದನವುಳ್ಳ ಮನೆಯಲ್ಲಿ ಅಡಿಗೆಮನೆಯ ಉಳಿಕೆಯು ಮೊದಲು ಬಾನಿಗೆ ಹೋಗುವದು ನಮ್ಮ ಹಳೆಯ ರೂಢಿ, ಮತ್ತು ಅದು ಒಳ್ಳೆಯ ರೂಢಿ. ಅಕ್ಕಿ ಬೇಳೆ ತೊಳೆದ ನೀರು, ರೊಟ್ಟಿ ಬಡಿದ ಹಿಟ್ಟಿನ ಉಳಿಕೆ, ಕಾಳಿನ ಹೊಟ್ಟು, ಸೊಪ್ಪಿನ ದಂಟು, ಸವತೆ ಕುಂಬಳಗಳ ಸಿಪ್ಪೆ ಇವು ಎಮ್ಮೆ ಆಕಳುಗಳಿಗೆ ಹಿತವಾದವು. ಆದರೆ ನಾಲ್ಕು ವಿಷಯಗಳಲ್ಲಿ ಎಚ್ಚರಿಕೆ ಬೇಕು. ಇವುಗಳನ್ನು ಅಲಕ್ಷಿಸಿದರೆ ಮುಸುರೆಯ ಉಳಿತಾಯಕ್ಕಾಗಿ ದನವನ್ನೇ ಕಳೆದುಕೊಳ್ಳುವ ಪ್ರಸಂಗ ಬರುವದು.

ಮೊದಲನೆಯದು, ಮದುವೆ ಜಾತ್ರೆಗಳ ಮರುದಿನದ ಅನ್ನ. ಉಳಿದ ಅನ್ನ, ಗೋದಿಹುಗ್ಗಿ, ಹಿಟ್ಟು ಮೊದಲಾದವುಗಳನ್ನು ಹಾಳಾಗಬಾರದೆಂದು ಬುಟ್ಟಿಗಟ್ಟಲೆ ದನದ ಮುಂದೆ ಸುರಿಯುವದುಂಟು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯು ಹುಲ್ಲು ಕಣಿಕೆಗಳನ್ನು ಜೀರ್ಣಿಸಲು ಹೊಂದಿಕೊಂಡದ್ದು. ಅಲ್ಲಿ ಬೇಯಿಸಿದ ಧಾನ್ಯವಾಗಲಿ ಹಿಟ್ಟಾಗಲಿ ಒಮ್ಮೆಲೆ ಹೆಚ್ಚಾಗಿ ಸೇರಿದರೆ ಅದು ವೇಗವಾಗಿ ಹುಳಿತು ಆಮ್ಲವುಂಟಾಗುವದು. ದನವು ಮೆಲುಕು ನಿಲ್ಲಿಸುವದು, ಎಡಹೊಟ್ಟೆ ಉಬ್ಬುವದು, ನೀರಾಗಿ ಸೆಗಣಿ ಹಾಕುವದು, ಕೊನೆಗೆ ನೆಲ ಹಿಡಿಯುವದು. ಇಂಥ ಲಕ್ಷಣಗಳು ಕಂಡ ಕೂಡಲೆ ಮನೆಯ ಔಷಧಗಳಲ್ಲಿ ಕಾಲ ಕಳೆಯದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಊಟದ ಉಳಿಕೆಯನ್ನು ದನಕ್ಕೆ ಹಾಕುವದಾದರೆ ಒಂದೆರಡು ಹಿಡಿಯಷ್ಟನ್ನು ಕಣಿಕೆಯೊಡನೆ ಬೆರಸಿ ಹಾಕಬೇಕು. ಮಿಕ್ಕದ್ದು ಕುಣಿಗೆ ಹೋಗಬೇಕು.

ಎರಡನೆಯದು, ಉಳ್ಳಾಗಡ್ಡಿ. ಈ ಸೀಮೆಯಲ್ಲಿ ಉಳ್ಳಾಗಡ್ಡಿ ಬೆಳೆಯುವವರಿಗೆ ಕೊರತೆಯಿಲ್ಲ. ಧಾರಣೆ ಬಿದ್ದ ವರುಷ ಕೊಳೆತ ಗಡ್ಡೆಗಳನ್ನು ದನಗಳಿಗೆ ಬಿಡುವದೂ ಹೊಸತಲ್ಲ. ಆದರೆ ಉಳ್ಳಾಗಡ್ಡಿಯಲ್ಲಿಯ ಗಂಧಕಯುಕ್ತ ಪದಾರ್ಥಗಳು ದನದ ರಕ್ತದಲ್ಲಿಯ ಕೆಂಪು ಕಣಗಳನ್ನು ಒಡೆಯುವವು. ಸಿಪ್ಪೆಯ ಚೂರು ಬಾಯಿಗೆ ಹೋದರೆ ಬಾಧೆಯಿಲ್ಲ. ಆದರೆ ಕೆಲವು ದಿನಗಳ ವರೆಗೆ ಹೆಚ್ಚಾಗಿ ತಿಂದ ದನವು ಸೊರಗಿ, ಕಣ್ಣಿನ ಒಳಪೊರೆ ಬಿಳಿಚಿ, ಮೂತ್ರವು ಕೆಂಪಗೆ ಇಲ್ಲವೆ ಕಂದು ಬಣ್ಣಕ್ಕೆ ತಿರುಗಿ ಸಾಯಲೂ ಬಹುದು. ಆಡು ಕುರಿಗಳಿಗಿಂತ ಆಕಳು ಎತ್ತುಗಳಿಗೆ ಇದರ ಬಾಧೆ ಹೆಚ್ಚು. ಕಾರಣ, ರಾಶಿಗಟ್ಟಲೆ ಕೊಳೆತ ಉಳ್ಳಾಗಡ್ಡಿಗೆ ದನಗಳನ್ನು ಎಂದಿಗೂ ಬಿಡಬಾರದು.

ಮೂರನೆಯದು, ಬೂಷ್ಟು ಹಿಡಿದ ರೊಟ್ಟಿ, ಶೇಂಗಾ, ಹಿಂಡಿಗಳು. ಕೆಲವು ಬೂಷ್ಟುಗಳು ಯಕೃತ್ತನ್ನು ಕೆಡಿಸುವ ವಿಷವನ್ನುಂಟುಮಾಡುವವು. ಆ ವಿಷದ ಅಂಶವು ಹಾಲಿನಲ್ಲಿಯೂ ಇಳಿಯುವದು. ಇವು ಕುಣಿಗೇ ಸಲ್ಲತಕ್ಕವು. ನಾಲ್ಕನೆಯದು, ಚೀಲದಲ್ಲಿ ಕಟ್ಟಿ ಎಸೆದ ಅನ್ನ. ಅನ್ನದ ವಾಸನೆಗೆ ದನವು ಚೀಲವನ್ನೂ ನುಂಗುವದು. ಅದು ಹೊಟ್ಟೆಯಲ್ಲಿ ಗಂಟಾಗಿ ಉಳಿದು, ತಿಂದದ್ದು ಮೈಗೆ ಹತ್ತದೆ ದನವು ಕ್ಷೀಣಿಸುವದು. ಅನ್ನವನ್ನು ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯುವವನು ನೆರೆಯವನ ದನಕ್ಕೆ ವಿಷವಿಟ್ಟಂತೆಯೇ ಸರಿ.

4. ಗೊಬ್ಬರದ ಕುಣಿ

ಕಸವನ್ನು ಕ್ರಮವಾಗಿ ಕೊಳೆಯಿಸುವ ವಿಧಾನಗಳ ಅಭ್ಯಾಸವು ನಮ್ಮ ದೇಶದಲ್ಲಿಯೇ ಬಹುವಾಗಿ ನಡೆದಿರುತ್ತದೆ. ಅಲ್ಬರ್ಟ್ ಹೋವರ್ಡ್ ಎಂಬವರು 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದು, ಯಶವಂತ ವಾಡ್ ಎಂಬ ಸಹಕಾರಿಯೊಡನೆ ಕೆಲಸಮಾಡಿ, ಇಂದೂರು ಪದ್ಧತಿಯನ್ನು ರೂಢಿಸಿದರು. ಅದರಲ್ಲಿ ಕಸ, ಸೆಗಣಿ, ಗಂಜಳದ ಮಣ್ಣುಗಳನ್ನು ಪದರು ಪದರಾಗಿ ಹಾಕಿ, ನೀರು ಚಿಮುಕಿಸಿ, ಆಗಾಗ ಬುಡಮೇಲು ಮಾಡುವರು. ಗಾಳಿಯಾಡುವದರಿಂದ ಸುಮಾರು ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುವದು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರು ಪದ್ಧತಿಯನ್ನು ಬಳಕೆಗೆ ತಂದರು. ಪಟ್ಟಣಗಳ ಕಸಕ್ಕೆಂದು ಹುಟ್ಟಿದ ಈ ಪದ್ಧತಿಯಲ್ಲಿ ಕುಣಿಯನ್ನು ತುಂಬಿ ಮೇಲೆ ಕೆಸರಿನಿಂದ ಮೆತ್ತಿಬಿಡುವರು, ಬುಡಮೇಲು ಮಾಡುವದಿಲ್ಲ. ಮೊದಲ ಕೆಲದಿನ ಒಳಗೆ ಬಲವಾದ ಕಾವು ಹುಟ್ಟಿ, ಆಮೇಲೆ ಕಸವು ಮೆಲ್ಲಗೆ ಮಾಗುವದು. ಆರರಿಂದ ಎಂಟು ತಿಂಗಳು ಬೇಕಾದರೂ ನೀರೂ ಆಳಿನ ಕೆಲಸವೂ ಉಳಿಯುವವು.

ನೀರಿನ ಕೊರತೆಯುಳ್ಳ ನಮ್ಮ ಸೀಮೆಗೆ ಕೆಸರಿನಿಂದ ಮೆತ್ತುವ ಪದ್ಧತಿಯೇ ಹೆಚ್ಚು ಅನುಕೂಲವಾದದ್ದು. ಮನೆಬಳಕೆಗೆ ಅದನ್ನು ಹೀಗೆ ಮಾಡತಕ್ಕದ್ದು.

ಹಿತ್ತಲಿನಲ್ಲಿ ನೆರಳುಳ್ಳ, ಮಳೆಯ ನೀರು ನಿಲ್ಲದ ಎತ್ತರದ ಸ್ಥಳವನ್ನು ಆರಿಸಬೇಕು. ಕುಡಿಯುವ ನೀರಿನ ಬಾವಿಯಿಂದ ಐವತ್ತು ಅಡಿಗಳಾದರೂ ದೂರವಿರಬೇಕು. ಆದರೆ ಅಡಿಗೆಮನೆಯ ಬಾಗಿಲಿನಿಂದ ಬಹಳ ದೂರವಿರಬಾರದು. ಬುಟ್ಟಿಯನ್ನು ಹೊರುವವರು ಮನೆಯ ಹೆಣ್ಣುಮಕ್ಕಳಾದುದರಿಂದ ಅವರನ್ನು ಕೇಳಿಯೇ ಸ್ಥಳವನ್ನು ಗೊತ್ತುಮಾಡತಕ್ಕದ್ದು. ಯಜಮಾನನು ತನಗೆ ತೋಚಿದಲ್ಲಿ ಅಗೆಸಿದ ಕುಣಿಯು ಬರಿದಾಗಿಯೇ ಉಳಿಯುವದು.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಎರಡು ಕುಣಿಗಳಿರಲಿ. ಒಂದು ತುಂಬುತ್ತಿರುವಾಗ ಇನ್ನೊಂದು ಮಾಗುತ್ತಿರುವದು. ತಳಕ್ಕೆ ಅರ್ಧ ಅಡಿಯಷ್ಟು ತೊಗರಿ ಇಲ್ಲವೆ ಹತ್ತಿಯ ಕಟ್ಟಿಗೆಯ ತುಂಡುಗಳನ್ನು ಹಾಸಬೇಕು. ದಿನದ ಹಸಿಕಸವನ್ನು ಹರವಿ, ಒಂದು ಬುಟ್ಟಿ ಹಸಿಕಸಕ್ಕೆ ಎರಡು ಬುಟ್ಟಿಯಂತೆ ಒಣ ಎಲೆ, ಹೊಟ್ಟು, ಗೋದಲಿಯ ಉಳಿಕೆ ಕಣಿಕೆಗಳನ್ನು ಮೇಲೆ ಮುಚ್ಚಬೇಕು. ವಾರಕ್ಕೊಮ್ಮೆ ಒಂದು ಬುಟ್ಟಿ ಸೆಗಣಿಯನ್ನು ನೀರಿನಲ್ಲಿ ಕದಡಿ ಸುರಿದು, ಅದರ ಮೇಲೆ ಒಂದು ಅಂಗುಲ ಮಣ್ಣು ಎಳೆಯಬೇಕು. ಈ ಮಣ್ಣಿನ ಹೊದಿಕೆಯನ್ನು ಬಿಟ್ಟವರ ಕುಣಿಯಲ್ಲಿಯೇ ನೊಣವೂ ನಾತವೂ ಹುಟ್ಟುವವು. ಬೇಯಿಸಿದ ಅನ್ನವನ್ನು ಹಾಕಿದ ದಿನ ಮಣ್ಣನ್ನು ಅಂದೇ ಎಳೆಯಬೇಕು. ಇಲ್ಲದಿದ್ದರೆ ಇಲಿ ನಾಯಿಗಳು ಕೆದರುವವು. ಕುಣಿಯು ತುಂಬಿ ನೆಲದಿಂದ ಒಂದು ಅಡಿ ಎದ್ದ ಮೇಲೆ ಮಣ್ಣು ಸೆಗಣಿಗಳ ರಾಡಿಯಿಂದ ಮೆತ್ತಿ ಆರು ತಿಂಗಳು ಬಿಡಬೇಕು. ಎರೆಮಣ್ಣಿನ ಮೆತ್ತುಗೆಯು ಬಿಸಿಲಿಗೆ ಬಿರಿಯುವದರಿಂದ ಅದರಲ್ಲಿ ಹೊಟ್ಟು ಕಲಸಬೇಕು, ಬಿರುಕುಗಳನ್ನು ಆಗಾಗ ಮುಚ್ಚಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುಣಿಯ ಸುತ್ತ ಮುಳ್ಳಿನ ಬೇಲಿ ಅವಶ್ಯ.

ಇಲ್ಲಿ ಸ್ಥಳಭೇದವನ್ನು ಲಕ್ಷ್ಯದಲ್ಲಿಡಬೇಕು. ನರಗುಂದ ಭಾಗದ ಆಳವಾದ ಎರೆಯಲ್ಲಿ ತೆಗೆದ ಕುಣಿಯು ಮಳೆಗಾಲದಲ್ಲಿ ನೀರಿನ ಹೊಂಡವಾಗುವದು. ನೀರಿನಲ್ಲಿ ಮುಳುಗಿದ ಕಸ ಕೊಳೆಯದೆ ನಾರುವದು. ಆದುದರಿಂದ ಅಲ್ಲಿ ಬೇಸಿಗೆಯಲ್ಲಿ ಕುಣಿಯನ್ನೂ, ಮಳೆಗಾಲದಲ್ಲಿ ಗರಸಿನ ಕಟ್ಟೆಯ ಮೇಲೆ ರಾಶಿಯನ್ನೂ ಮಾಡುವದು ಲೇಸು. ಗಜೇಂದ್ರಗಡದ ಕಡೆ ನೆಲ ಅಗೆಯುವದು ಕಷ್ಟ, ಕಲ್ಲು ಮಾತ್ರ ಹೇರಳ. ಅಲ್ಲಿಯ ಜಮೀನುದಾರರು ಮಹಾರಾಷ್ಟ್ರದ ಯವತಮಾಳ ಪ್ರಾಂತದ ನಾರಾಯಣ ದೇವತಾವ್ ಪಾಂಢರಿಪಾಂಡೆಯವರ ಹೆಸರಿನಿಂದ ನಾಡೆಪ್ ಎಂದು ಪ್ರಸಿದ್ಧವಾದ ತೊಟ್ಟಿಯನ್ನು ಕಟ್ಟಿಸಬಹುದು. ಅದು ನೆಲದ ಮೇಲೆ ಸುಮಾರು ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಎತ್ತರವಾಗಿದ್ದು, ಗೋಡೆಗಳಲ್ಲಿ ಗಾಳಿಗಾಗಿ ಸಂದುಗಳನ್ನು ಬಿಟ್ಟಿರುವರು. ಇದರ ವಿಶೇಷವೇನೆಂದರೆ ಸೆಗಣಿಯು ಕಡಿಮೆ ಸಾಕು: ಸುಮಾರು 1400 ಕಿಲೋ ಕಸಕ್ಕೆ 100 ಕಿಲೋ ಸೆಗಣಿ, ಉಳಿದದ್ದು ಮಣ್ಣು ಮತ್ತು ನೀರು. ಕಸವನ್ನು ಮೊದಲೇ ಕೂಡಿಟ್ಟುಕೊಂಡು ಒಂದೆರಡು ದಿನಗಳಲ್ಲಿಯೇ ತೊಟ್ಟಿಯನ್ನು ತುಂಬಿ ಮೆತ್ತಬೇಕು. ಮೂರು ನಾಲ್ಕು ತಿಂಗಳಿಗೆ ಗೊಬ್ಬರವಾಗುವದು. ದನ ಕಡಿಮೆಯಾದ ಮನೆಗಳಿಗೆ ಇದು ಬಹಳ ಉಪಯುಕ್ತ.

ಕಸದ ಹದವನ್ನು ಕೈಯಿಂದಲೇ ಪರೀಕ್ಷಿಸಬಹುದು. ಒಂದು ಹಿಡಿಯನ್ನು ಗಟ್ಟಿಯಾಗಿ ಹಿಂಡಿದಾಗ ಅಂಗೈ ಒದ್ದೆಯಾಗಿ, ನೀರು ತೊಟ್ಟಿಕ್ಕದೆ ಇದ್ದರೆ ಹದ ಸರಿ. ನೀರು ಸುರಿದರೆ ಒಣಕಸವನ್ನೂ, ಹುಡಿಯಾಗಿ ಉದುರಿದರೆ ಸೆಗಣಿನೀರನ್ನೂ ಸೇರಿಸಬೇಕು. ತುಂಬಿದ ಕೆಲದಿನಗಳಲ್ಲಿ ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವೆ ಚುಚ್ಚಿಟ್ಟು ತೆಗೆದರೆ ಅದು ಮುಟ್ಟಲಾಗದಷ್ಟು ಬಿಸಿಯಾಗಿರಬೇಕು. ಈ ಕಾವೇ ಕಳೆಯ ಬೀಜಗಳನ್ನೂ ರೋಗದ ಅಣುಗಳನ್ನೂ ಕೊಲ್ಲುವದು. ಕಾವು ಏರದ ರಾಶಿಗೆ ರೋಗ ಹತ್ತಿದ ಉಳ್ಳಾಗಡ್ಡಿ, ಮೆಣಸಿನ ಗಿಡ ಮೊದಲಾದವುಗಳನ್ನು ಹಾಕಿ ಅದೇ ಬೆಳೆಯ ಹೊಲಕ್ಕೆ ಒಯ್ದರೆ ಗೊಬ್ಬರದೊಡನೆ ರೋಗವನ್ನೂ ಬಿತ್ತಿದಂತಾಗುವದು. ಮಾಗಿದ ಗೊಬ್ಬರವು ಕಪ್ಪು ಕಂದುಬಣ್ಣದ್ದಾಗಿ, ಹುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯುಳ್ಳದ್ದಾಗಿರುವದು.

5. ಎರೆಹುಳದ ಗೊಬ್ಬರ

ಸ್ವಲ್ಪ ಸ್ಥಳ ಮತ್ತು ನಿತ್ಯದ ಗಮನವುಳ್ಳವರು ಎರೆಹುಳಗಳಿಂದಲೂ ಗೊಬ್ಬರ ಮಾಡಬಹುದು. ಇದಕ್ಕೆ ಹಸಿಕಸವನ್ನು ನೇರವಾಗಿ ಹಾಕದೆ, ಎರಡು ಮೂರು ವಾರ ಸೆಗಣಿಯೊಡನೆ ಅರೆಕೊಳೆಯಿಸಿ ಕಾವು ಇಳಿದ ಮೇಲೆ ಹುಳಗಳಿಗೆ ಕೊಡಬೇಕು. ಸುಮಾರು ಎರಡು ತಿಂಗಳಿಗೆ ಚಹಪುಡಿಯಂಥ ಗೊಬ್ಬರವಾಗುವದು. ಉಪ್ಪು, ಎಣ್ಣೆ, ಖಾರ, ನಿಂಬೆಯ ಸಿಪ್ಪೆ ಇವು ಹುಳಗಳಿಗೆ ಆಗಿಬರುವದಿಲ್ಲ. ಕಾರಣ ಉಪ್ಪಿನಕಾಯಿಯ ಉಳಿಕೆ, ಸಾರಿನ ಚರಟ ಮೊದಲಾದವು ಇಲ್ಲಿಗೆ ಬೇಡ. ನಮ್ಮ ಬೇಸಿಗೆಯ ಬಿಸಿಲು ನಾಲ್ವತ್ತು ಅಂಶವನ್ನು ಮುಟ್ಟುವದರಿಂದ ಮೇಲೆ ಚಪ್ಪರವೂ ಒದ್ದೆಯ ಗೋಣಿತಟ್ಟೂ ಇಲ್ಲದೆ ಹುಳಗಳು ಬದುಕವು. ಇರುವೆ ಬಾರದಂತೆ ಸುತ್ತಲೂ ನೀರಿನ ಸಣ್ಣ ಕಾಲುವೆ ಇರಲಿ.

ನಾಲ್ಕೈದು ದನಗಳುಳ್ಳವರು ಗೋಬರ್ ಗ್ಯಾಸ್ ಕಟ್ಟಿಸಿಕೊಂಡರೆ ಇನ್ನೂ ಲೇಸು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಸೆಗಣಿಯೊಳಗಿನ ಉರಿಯು ಒಲೆಗೂ, ಸತ್ತ್ವವು ರಾಡಿಯಾಗಿ ಹೊಲಕ್ಕೂ ಸಲ್ಲುವದು. ಕುಳ್ಳು ಸುಟ್ಟವನಿಗೆ ಇವೆರಡರಲ್ಲಿ ಒಂದೇ ದೊರೆಯುತ್ತಿತ್ತು.

6. ಬೂದಿಯ ವಿಚಾರ

ಬೂದಿಯು ಎಲ್ಲ ಗಿಡಗಳಿಗೂ ಒಳ್ಳೆಯದೆಂಬ ಮಾತು ಹುಳಿಮಣ್ಣಿನ ಮಲೆನಾಡಿಗೆ ಒಪ್ಪುವದು. ನಮ್ಮ ಎರೆಗೆ ಒಪ್ಪುವದಿಲ್ಲ. ಬೂದಿಯಲ್ಲಿರುವದು ಮುಖ್ಯವಾಗಿ ಸುಣ್ಣ ಮತ್ತು ಪೊಟ್ಯಾಶು. ಇವೆರಡೂ ನಮ್ಮ ಎರೆಯಲ್ಲಿ ಮೊದಲೇ ಇವೆ. ಮಣ್ಣು ಮೊದಲೇ ಕ್ಷಾರಗುಣದ್ದು. ಅದರ ಮೇಲೆ ದಿನವೂ ಬೂದಿ ಸುರಿದರೆ ಕ್ಷಾರ ಹೆಚ್ಚಿ, ಸತು ಕಬ್ಬಿಣಗಳು ಗಿಡಕ್ಕೆ ದೊರೆಯದೆ ಎಳೆಯ ಎಲೆಗಳು ಬಿಳಿಚುವವು. ಸೆಗಣಿಯೊಡನೆ ಹೆಚ್ಚು ಬೂದಿ ಬೆರಸಿದರೂ ಸಾರಜನಕವು ಘಾಟಾಗಿ ಹಾರಿಹೋಗುವದು. ಮಸಾರಿಯ ಹಿತ್ತಲುಳ್ಳವರು ಮಾತ್ರ ಬಾಳೆ, ಬದನೆಗಳ ಬುಡಕ್ಕೆ ಮಿತವಾಗಿ ಹಾಕಬಹುದು.

ಹಾಗಾದರೆ ಬೂದಿಯನ್ನು ಏನು ಮಾಡಬೇಕು? ಕಾಳು ಕಾಯಲು ಉಪಯೋಗಿಸಬೇಕು. ಹೆಸರು, ಕಡಲೆ, ಅಲಸಂದಿಗಳನ್ನು ಚೆನ್ನಾಗಿ ಒಣಗಿಸಿ, ಆರಿದ ಬೂದಿಯನ್ನು ಜರಡಿ ಹಿಡಿದು ಕಾಳಿನೊಡನೆ ಬೆರಸಿ, ಪಾತ್ರೆಯ ಮೇಲ್ಭಾಗದಲ್ಲಿ ಎರಡು ಅಂಗುಲ ಬೂದಿಯನ್ನು ಹರವಿದರೆ ನುಸಿಹುಳವು ಸಂಚರಿಸಲಾರದೆ, ಮೊಟ್ಟೆಯಿಡಲಾರದೆ ನಾಶವಾಗುವದು. ಬಿತ್ತುವ ಬೀಜಕ್ಕೂ ಮನೆಬಳಕೆಯ ಕಾಳಿಗೂ ಇದು ವಿಷವಿಲ್ಲದ ರಕ್ಷಣೆ.

7. ಪಾತ್ರೆ ತೊಳೆದ ನೀರು

ಈ ವಿಷಯವು ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಕಾಳು, ಅಕ್ಕಿ, ಪಲ್ಯ ತೊಳೆದ ನೀರನ್ನು ಯಾವ ಗಿಡಕ್ಕೂ ಸಂಶಯವಿಲ್ಲದೆ ಹಾಕಬಹುದು. ಆದರೆ ಸಾಬೂನು, ಸೋಡಾ ಪುಡಿಗಳು ಬೆರೆತ ನೀರಿನಲ್ಲಿ ಸೋಡಿಯಮ್ ಇರುವದು. ಎರೆಯ ಜೇಡಿಯಲ್ಲಿ ಸೋಡಿಯಮ್ ಹೆಚ್ಚಾದ ಹಾಗೆ ಮಣ್ಣಿನ ಕಣಗಳು ಬಿಡಿಸಿಕೊಂಡು ಸಂದುಗಳನ್ನು ಮುಚ್ಚುವವು. ನೀರು ಇಳಿಯದು, ಬೇರು ಉಸಿರಾಡದು, ಒಣಗಿದ ನೆಲ ಕಲ್ಲಾಗುವದು. ಮಲಪ್ರಭೆಯ ಕಾಲುವೆಯ ನೀರು ಬಂದ ನರಗುಂದ ಭಾಗದ ಒಕ್ಕಲಿಗರಿಗೆ ಸವುಳು ಜವುಳು ಭೂಮಿಯ ಸಂಕಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೊಲದಲ್ಲಿ ಹೆಚ್ಚು ನೀರಿನಿಂದ ಆದದ್ದೇ ಹಿತ್ತಲಿನಲ್ಲಿ ಸಾಬೂನಿನ ನೀರಿನಿಂದ ಸಣ್ಣ ಪ್ರಮಾಣದಲ್ಲಿ ಆಗುವದು. ಮೊದಲೇ ಸವುಳಾದ ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಲ್ಲಿ ಕೆಡುಕು ಇಮ್ಮಡಿ.

ಆದಕಾರಣ ಎರಡು ನೀರುಗಳನ್ನು ಬೇರ್ಪಡಿಸಬೇಕು. ತೊಳೆದ ಮೊದಲ ನೀರು, ಅಂದರೆ ಮುಸುರೆಯು, ದನಕ್ಕಾಗಲಿ ಕುಣಿಗಾಗಲಿ ಹೋಗಲಿ. ಸಾಬೂನಿನ ನೀರು ಕಲ್ಲು ಗರಸು ತುಂಬಿದ ಇಂಗುಗುಂಡಿಗೆ ಹೋಗಲಿ. ಕಾಯಿಪಲ್ಯದ ಮಡಿಗೆ ಬೇಡ. ಗುಂಡಿಯ ಬದಿಯಲ್ಲಿ ತೆಂಗನ್ನು ಇಲ್ಲವೆ ಉಪ್ಪನ್ನು ಸಹಿಸುವ ಹುಲ್ಲನ್ನು ಹಚ್ಚಬಹುದು. ಹಿತ್ತಲು ಈಗಾಗಲೇ ಗಡುಸಾಗಿದ್ದರೆ ಮಣ್ಣಿನ ಪರೀಕ್ಷೆ ಮಾಡಿಸಿ ಜಿಪ್ಸಮ್ ಹಾಕುವದೂ, ಹೇರಳವಾಗಿ ಮಾಗಿದ ಗೊಬ್ಬರ ಬೆರಸುವದೂ, ನೀರು ಬಸಿದುಹೋಗುವ ದಾರಿ ಮಾಡುವದೂ ಪರಿಹಾರಗಳು.

8. ಹಿತ್ತಲಿನ ಫಲ

ಒಂದು ಕುಣಿಯ ಗೊಬ್ಬರದಿಂದ ಏನೇನು ಬೆಳೆಯಬಹುದೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಎರಡು ಪಪ್ಪಾಯಿ ಗಿಡಗಳಿಗೆ ವರುಷಕ್ಕೆರಡು ಸಲ ಒಂದೊಂದು ಬುಟ್ಟಿ. ಉಳಿದದ್ದರಲ್ಲಿ ಮೆಂತೆ, ರಾಜಗಿರಿ, ಪುಂಡಿಪಲ್ಯದ ಮಡಿಗಳು, ಬೇಲಿಗೆ ಹೀರೆ ಅವರೆಗಳ ಬಳ್ಳಿ. ಜೋಳದ ರೊಟ್ಟಿಯೇ ಮುಖ್ಯವಾದ ನಮ್ಮ ಊಟದಲ್ಲಿ ಹಸಿರು ಸೊಪ್ಪಿನ ಕೊರತೆಯು ಬೇಸಿಗೆಯಲ್ಲಿ ಹೆಚ್ಚಾಗಿ ಕಾಣುವದು. ಬಸುರಿ ಬಾಣಂತಿಯರಿಗೂ ಮಕ್ಕಳಿಗೂ ಬೇಕಾದ ಕಬ್ಬಿಣ ಮೊದಲಾದ ಸತ್ತ್ವಗಳು ಈ ಸೊಪ್ಪುಗಳಿಂದ ದೊರೆಯುವವು. ಗೊಬ್ಬರ ಹಾಕಿದ ಮಡಿಯ ಮೇಲೆ ಶೇಂಗಾಹೊಟ್ಟು ಇಲ್ಲವೆ ಒಣ ಎಲೆಗಳನ್ನು ಎರಡು ಅಂಗುಲ ಹೊದಿಸಿದರೆ ತೇವವು ಬೇಗ ಆರದೆ ಕಡಿಮೆ ನೀರು ಸಾಕಾಗುವದು.

ಹೊಲಕ್ಕೆ ಒಯ್ಯುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲದಲ್ಲಿ ಚಿಕ್ಕ ಚಿಕ್ಕ ಗುಂಪೆಗಳಾಗಿ ಸುರಿದು ಮಳೆಯ ವರೆಗೆ ಬಿಡುವ ರೂಢಿಯಿಂದ ಅದರ ಸತ್ತ್ವದ ಬಹುಭಾಗವು ಬಿಸಿಲಿಗೆ ಹಾರಿಹೋಗುವದು. ಒಯ್ದ ದಿನವೇ ಹರವಿ ಕುಂಟೆ ಹೊಡೆದು ಮಣ್ಣಿನಲ್ಲಿ ಬೆರಸತಕ್ಕದ್ದು.

9. ಗ್ರಾಮಪ್ರಮುಖರ ಕರ್ತವ್ಯ

ವಂಶಪಾರಂಪರ್ಯದ ಗೌಡಕಿಯು 1961ರ ಕಾಯಿದೆಯಿಂದ ರದ್ದಾಯಿತು. ಆದರೆ ಊರಿನಲ್ಲಿ ಹಿರಿಯರೆನಿಸಿಕೊಂಡವರ ಮಾತಿಗೂ ನಡತೆಗೂ ಇರುವ ಬೆಲೆಯು ಕಾಯಿದೆಯಿಂದ ಹುಟ್ಟಿದ್ದಲ್ಲ, ಕಾಯಿದೆಯಿಂದ ಹೋದದ್ದೂ ಅಲ್ಲ. 1905ರಲ್ಲಿ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ ನಿಂತದ್ದರಿಂದಲೇ ಸಹಕಾರಿ ಸಂಘವು ಒಂದು ಹಳ್ಳಿಯಲ್ಲಿ ಬೇರೂರಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಗೊಬ್ಬರದ ಕುಣಿಯು ಅದಕ್ಕಿಂತ ಬಹಳ ಸುಲಭವಾದ ಕೆಲಸ.

ಪ್ರತಿಯೊಬ್ಬ ಪ್ರಮುಖನೂ ಮೊದಲು ತನ್ನ ಹಿತ್ತಲಿನಲ್ಲಿ ಎರಡು ಕುಣಿಗಳನ್ನು ತೆಗೆಸಿ ತೋರಿಸಲಿ. ಮನೆಯಲ್ಲಿ ಹಸಿಕಸಕ್ಕೆ ಒಂದು, ಪ್ಲಾಸ್ಟಿಕ್ ಗಾಜುಗಳಿಗೆ ಇನ್ನೊಂದು ಹೀಗೆ ಎರಡು ಬುಟ್ಟಿಗಳಿರಲಿ. ಬೇರ್ಪಡಿಸದ ಕಸಕ್ಕೆ ಯಾವ ಪದ್ಧತಿಯೂ ಉಪಯೋಗವಿಲ್ಲ. ಮದುವೆ, ಜಾತ್ರೆ, ದಾಸೋಹಗಳ ಹಿಂದಿನ ದಿನವೇ ಉಳಿಕೆಗಾಗಿ ಒಂದು ಕುಣಿಯನ್ನು ತೆಗೆಸಿಡುವ ಪದ್ಧತಿಯನ್ನು ಪಂಚಾಯತಿಯವರು ರೂಢಿಸಲಿ. ಹಿತ್ತಲಿಲ್ಲದ ಬಡವರ ಕಸಕ್ಕಾಗಿ ಓಣಿಗೊಂದು ಸಾಮಾನ್ಯ ತೊಟ್ಟಿಯಿದ್ದು, ಅದರ ಗೊಬ್ಬರವು ಕಸ ಕೊಟ್ಟವರಿಗೇ ಪಾಲಾಗಲಿ ಇಲ್ಲವೆ ಶಾಲೆಯ ತೋಟಕ್ಕೆ ಸಲ್ಲಲಿ. ಮಣ್ಣಿನ ಪರೀಕ್ಷೆ, ಎರೆಹುಳ, ತೊಟ್ಟಿಯ ವಿವರಗಳಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ ವಿಚಾರಿಸಬಹುದು.

ಮಳೆಯು ನಮ್ಮ ಕೈಯಲ್ಲಿಲ್ಲ. ಪೇಟೆಯ ಧಾರಣೆಯೂ ನಮ್ಮ ಕೈಯಲ್ಲಿಲ್ಲ. ಮನೆಯ ಹಿಂಬಾಗಿಲಿನಿಂದ ಹೊರಬೀಳುವ ಬುಟ್ಟಿಯು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿರುವದು. ಈ ಬೇಸಿಗೆ ತೀರುವದರೊಳಗೆ ಮೊದಲ ಕುಣಿಯನ್ನು ತೆಗೆದು ತುಂಬಲು ಆರಂಭಿಸಿದವರಿಗೆ ಮುಂದಿನ ಬೇಸಿಗೆಯಷ್ಟರಲ್ಲಿ ಅದರ ಗೊಬ್ಬರವು ಕೈಸೇರುವದು. ಆದುದರಿಂದ ವಾಚಕರು ಇದನ್ನು ಓದಿ ಬದಿಗಿಡದೆ, ಮನೆಯವರೊಡನೆ ವಿಚಾರಮಾಡಿ ಸ್ಥಳವನ್ನು ಗೊತ್ತುಮಾಡಬೇಕಾಗಿ ಕೋರುವೆವು.